ಶಾಂಘೈಯಲ್ಲಿ ಯಾರೂ ಉಣ್ಣುವುದಿಲ್ಲ

ಜನವರಿ 9, 1984, ಸೋಮವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಪ್ರತಿ ಪುಟದ ಕೆಳಗೂ ಯಾವ ಬೆಳೆಗೆ ಯಾವಾಗ ಯೂರಿಯಾ ಹಾಕಬೇಕೆಂಬ ಸಲಹೆಯಿದೆ. ನನಗೆ ಹೊಲವಿಲ್ಲ. ಕಾಗದ ಪೋಲಾಗುವುದು ಬೇಡವೆಂದು ಮೇಲಿನ ಜಾಗದಲ್ಲಿ ನನ್ನ ವಿಷಯ ಬರೆದುಕೊಳ್ಳಲು ಕೂತಿದ್ದೇನೆ. ಯೂರಿಯಾದಷ್ಟು ಉಪಯೋಗವಾಗಲಾರದು.

ಹೆಸರು ಶಾಂತಿಕುಮಾರ, ಊರು ಹಳೇಬೀಡು. ಹೋದ ಜೂನ್‌ವರೆಗೆ ಡ್ರಾಯಿಂಗ್ ಮೇಷ್ಟ್ರು. ಶಾಲೆಯವರು ಡ್ರಾಯಿಂಗ್ ಪೀರಿಯಡ್ ತೆಗೆದು ಆ ಜಾಗಕ್ಕೆ ಗಣಿತ ಹಾಕಿದರು. ಮಕ್ಕಳು ಅತ್ತರು. ನನಗಾಗಿ ಎಂದುಕೊಂಡಿದ್ದೆ, ಗಣಿತಕ್ಕಾಗಿ ಎಂದು ಆಮೇಲೆ ತಿಳಿಯಿತು. ಈಗ ಲಾರಿಗಳ ಹಿಂದೆ ನವಿಲು ಬರೆದು, ಕೆಳಗೆ ‘ಹಾರ್ನ್ ಮಾಡಿ’ ಎಂದು ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ಪದ್ಮಣ್ಣನವರು ಬಸದಿಯ ಹತ್ತಿರ ಸಿಕ್ಕರು. ಊರಿನ ನಮ್ಮ ಜೈನರ ಮನೆಗಳಿಗೆಲ್ಲ ಅವರೇ ಹಿರಿಯರು. ಬಸದಿಯ ಬೀದಿಯಲ್ಲಿ ಹೊಸದಾಗಿ ಕಟ್ಟಿಸುತ್ತಿರುವ ಪ್ರವಚನ ಮಂದಿರದ ಗೋಡೆಗೆ ಸಮವಸರಣದ ಚಿತ್ರ ಬರೆಸಬೇಕೆಂದಿದ್ದಾರೆ. ನಡುವೆ ತೀರ್ಥಂಕರರು, ಸುತ್ತ ದೇವತೆಗಳು, ಮನುಷ್ಯರು, ಹುಲಿ, ಹಸು ಎಲ್ಲ ಜಗಳ ಮರೆತು ಒಟ್ಟಿಗೆ ಕೂತು ಅವರ ಮಾತು ಕೇಳುವ ಸಭೆ. ಮೀಸೆ ಮೂಡಿದಾಗಿನಿಂದ ನಾನು ಬರೆಯಬೇಕೆಂದು ಆಸೆಪಟ್ಟ ಚಿತ್ರ ಅದೊಂದೇ.

“ಮಹಾವೀರ ಜಯಂತಿ ಹೊತ್ಗೆ ಹೇಳ್ತೀವಿ ಶಾಂತಿಕುಮಾರ್. ಕೈ ಒಂದನ್ನೇ ನೋಡಲ್ಲ, ನಡತೇನೂ ನೋಡ್ತೀವಿ,” ಎಂದರು.

ನನ್ನ ನಡತೆಯ ಬಗ್ಗೆ ನನಗೆ ಧೈರ್ಯವಿತ್ತು. ಕೆಡಿಸಿಕೊಳ್ಳಲು ಇದುವರೆಗೆ ಯಾರೂ ಅವಕಾಶವನ್ನೇ ಕೊಟ್ಟಿರಲಿಲ್ಲ. ಮಧ್ಯಾಹ್ನ ಅದೂ ಬಂತು. ಅರಸೀಕೆರೆಯಿಂದ ಉಗ್ರಪ್ಪ ಎಂಬವನು ಜೀಪಿನಲ್ಲಿ ಬಂದ. ಕೊಬ್ಬರಿ ವ್ಯಾಪಾರಿ. ತನ್ನ ಗೋಡೌನಿನಲ್ಲಿ ಬಾರ್ ತೆರೆದಿದ್ದಾನಂತೆ, ಹೆಸರು ‘ಶಾಂಘೈ ಬಾರ್ ಅಂಡ್ ರೆಸ್ಟೋರೆಂಟ್’. ಯಾವುದೋ ಲಾರಿಯ ಹಿಂದೆ ನನ್ನ ನವಿಲು ನೋಡಿ ಹುಡುಕಿಕೊಂಡು ಬಂದಿದ್ದ.

“ಚೀನಾ ದೇಸ್‌ದಾಗೆ ಶಾಂಘೈ ಅಂತ ಊರೈತೆ ಮೇಷ್ಟ್ರೆ. ಅಲ್ಲಿ ರಾತ್ರಿ ಮಲಗೋರೇ ಇಲ್ವಂತೆ. ಬೀದಿ ಉದ್ದಕ್ಕೂ ಬಾರು, ಡ್ಯಾನ್ಸು, ದೀಪ. ಅದಷ್ಟೂ ನಮ್ ಗೋಡೆ ಮ್ಯಾಲೆ ಬರ್ಬೇಕು.”

ನಾವು ಹೆಂಡ ಮುಟ್ಟುವವರಲ್ಲ, ಜೇನುತುಪ್ಪವನ್ನೂ ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಅನ್ನವನ್ನೂ ಮುಟ್ಟುವುದಿಲ್ಲ. ಇಲ್ಲವೆಂದು ತಲೆಯಾಡಿಸಲು ಹೊರಟೆ. ಅರ್ಧದಲ್ಲಿ ತಲೆ ದಿಕ್ಕು ಬದಲಾಯಿಸಿತು. ಅಷ್ಟು ದೊಡ್ಡ ಗೋಡೆಯನ್ನು ಇದುವರೆಗೆ ನನಗೆ ಯಾರೂ ಕೊಟ್ಟಿಲ್ಲ.

ಮನೆಯಲ್ಲಿ ಧರ್ಮಾವತಿಗೆ, ಅರಸೀಕೆರೆಯ ಒಂದು ಛತ್ರಕ್ಕೆ ಚಿತ್ರ ಬರೆಯುವ ಕೆಲಸ ಎಂದೆ. “ಯಾವ ಛತ್ರ?” ಎಂದಳು. “ಹೊಸದು,” ಎಂದೆ. ಐದೂವರೆಗೆ ಮುದ್ದೆ, ಅವರೆಕಾಳಿನ ಸಾರು. ನಾನು ಉಂಡೆದ್ದ ಮೇಲೆ ಅವಳು ಕೂತಳು. ಮದುವೆಯಾದಾಗಿನಿಂದ ಹೀಗೇ.

ಜನವರಿ 12, ಗುರುವಾರ

ಮೊದಲ ದಿನ. ಬಾರಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ. ಉಗ್ರಪ್ಪ ಬಿದ್ದು ಬಿದ್ದು ನಕ್ಕ. “ಇಲ್ಲಿ ಹೋಗ್ವಾಗ ಚಪ್ಲಿ ಮರ್ತು ಹೋಯ್ತಾರೆ ಮೇಷ್ಟ್ರೆ, ಬರ್ವಾಗ ಯಾರೂ ಬುಡಾಕಿಲ್ಲ!”

ಹಗಲಲ್ಲಿ ಅದು ಇನ್ನೂ ಗೋಡೌನೇ. ಹೆಂಡದ ವಾಸನೆಗಿಂತ ಕೊಬ್ಬರಿಯ ವಾಸನೆ ಹೆಚ್ಚು. ಅದೇ ನನ್ನ ಆತ್ಮಸಾಕ್ಷಿಗೆ ಸಮಾಧಾನ. ಮಾದರಿಗೆಂದು ಉಗ್ರಪ್ಪ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಕೊಟ್ಟ. ಬೊಂಬಾಯಿಯಲ್ಲಿ ಯಾರಿಂದಲೋ ಪಡೆದದ್ದು. ಅದರಲ್ಲಿದ್ದ ಶಾಂಘೈಯ ಬಹುಭಾಗವನ್ನು ಜಿರಲೆಗಳು ತಿಂದಿವೆ. ಉಳಿದಿರುವುದು ಸಾಲು ದೀಪ, ಒಂದು ಕಾರಿನ ಹಿಂಭಾಗ, ಒಬ್ಬ ಹೆಂಗಸಿನ ಎಡ ಭುಜ.

ಮಿಕ್ಕದ್ದಕ್ಕೆ ಮರಿಯಣ್ಣ. ಬಾಣಾವರದವನು, ಹಿಂದೆ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವನು. ಸಂಜೆ ಸಂಜೆ ರೈಲಿನಲ್ಲಿ ಬಂದು ಮೂಲೆಯ ಮೇಜು ಹಿಡಿಯುತ್ತಾನೆ. ನಲವತ್ತೇಳನೆಯ ಇಸವಿಯಲ್ಲಿ ಶಾಂಘೈ ನೋಡಿ ಬಂದೆ ಎನ್ನುತ್ತಾನೆ. ಇವತ್ತು ನನಗೆಂದೇ ಮಧ್ಯಾಹ್ನ ಬಂದಿದ್ದ.

“ಡ್ಯಾನ್ಸ್ ಮನೆ ನೆಲದಡೀಲಿ ಸ್ಪ್ರಿಂಗ್ ಹಾಕವ್ರೆ ಮೇಷ್ಟ್ರೆ. ನೀವು ಸುಮ್ಕೆ ನಿಂತ್ರೂ ಅದೇ ಕುಣಿಸ್ತದೆ. ಟಿಕೀಟು ಕೊಟ್ರೆ ಹೆಣ್ಮಗಳು ಒಂದ್ ಹಾಡು ನಿಮ್ ಜತೆ ಕುಣೀತಾಳೆ. ಬ್ಯಾಂಡ್‌ನೋರು ಊದಿದ್ದೇ ಊದಿದ್ದು. ಹೊರಗೆ ಬೀದೀಲಿ ಬಿಸಿಬಿಸಿ ಸಾರ್ನಾಗೆ ಶಾವಿಗೆ.”

ಅದನ್ನೆಲ್ಲ ಬರೆದುಕೊಂಡೆ. ಐದೂವರೆಗೆ ಉಂಡು ಮಲಗುವ ಮನುಷ್ಯ ಶಾಂಘೈಯ ರಾತ್ರಿ ಬರೆಯಲು ಹೊರಟಿದ್ದಾನೆ. ಜಿರಲೆಗಳಿಗೆ ನನಗಿಂತ ಹೆಚ್ಚು ಗೊತ್ತಿರಬೇಕು.

ಜನವರಿ 23, ಸೋಮವಾರ

ಕಟ್ಟಡ, ದೀಪ, ಬೀದಿ ಆದವು. ಇವತ್ತು ಕುಣಿಯುವ ಹೆಂಗಸರ ಸಾಲು ಬರೆದೆ. ಚೆನ್ನಾಗಿ ಬಂದಿದೆಯೆಂದು ದೂರ ನಿಂತು ನೋಡುತ್ತಿದ್ದೆ. ಉಗ್ರಪ್ಪ ಬಂದು ಪಕ್ಕ ನಿಂತ.

“ಮೇಷ್ಟ್ರೆ, ಇದು ಶಾಂಘೈಯೋ ಬೇಲೂರೋ?”

ನೋಡಿದರೆ ಎಲ್ಲರೂ ಮದನಿಕೆಯರು. ಒಂದು ಕಾಲು ಮಡಿಸಿ, ಸೊಂಟ ಬಳುಕಿಸಿ, ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳ ಕೈ ಮೇಲೆ ಗಿಳಿಯಿದೆ. ತಲೆಯ ಮೇಲೆ ಕಲ್ಲಿನ ಬಳ್ಳಿಯ ಚಪ್ಪರ ಬೇರೆ. ಹುಟ್ಟಿದಾಗಿನಿಂದ ಗುಡಿಯ ಗೋಡೆಗಳನ್ನು ನೋಡಿಕೊಂಡೇ ಬೆಳೆದ ಕೈ ಇದು. ಹೆಣ್ಣು ಎಂದರೆ ತಾನಾಗಿಯೇ ಸೊಂಟ ಬಗ್ಗಿಸುತ್ತದೆ.

“ನೆಟ್ಟಗೆ ನಿಲ್ಸಿ ಮೇಷ್ಟ್ರೆ, ಪಾಪ, ಸೊಂಟ ಹಿಡ್ಕೊಂಡಾತು,” ಎಂದು ಹೋದ.

ಜನವರಿ 24, ಮಂಗಳವಾರ

ನೆಟ್ಟಗೆ ನಿಲ್ಲಿಸಿದೆ. ಗೊಮ್ಮಟನಾದಳು. ಕೈ ಮಂಡಿಯವರೆಗೆ ಇಳಿಬಿದ್ದಿದೆ, ಕಣ್ಣು ಅರೆಮುಚ್ಚಿದೆ, ಸಂಸಾರ ಬಿಟ್ಟ ಮುಖ. ಇವಳ ಜೊತೆ ಯಾರು ತಾನೇ ಟಿಕೀಟು ಕೊಟ್ಟು ಕುಣಿದಾರು? ಒರೆಸಿದೆ.

ಫೆಬ್ರವರಿ 3, ಶುಕ್ರವಾರ

ಇವತ್ತಿನದು ಬರೆಯಲೂ ನಾಚಿಕೆ. ಅಂತೂ ಒಂದು ಬೀದಿಯ ತುಂಬ ಜನರನ್ನು ಕೂರಿಸಿದೆ, ನಿಲ್ಲಿಸಿದೆ. ಮೇಜುಗಳ ಮೇಲೆ ಬಿಳಿ ಬಟ್ಟೆ, ತಟ್ಟೆ, ಲೋಟ. ಮೇಲೆ ಚಂದ್ರ. ಉಗ್ರಪ್ಪನನ್ನೂ ಮರಿಯಣ್ಣನನ್ನೂ ಕರೆದು, ಮುಗಿಯಿತು, ನೋಡಿ ಎಂದೆ. ಇಬ್ಬರೂ ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದರು, ಮತ್ತೆ ವಾಪಸು ಬಂದರು.

“ಎಲ್ಲಾ ಸರಿ ಐತೆ. ಆದ್ರೆ ಏನೋ ಸಾವಿನ್ ಮನೆ ಇದ್ದಂಗೈತಲ್ಲ,” ಎಂದ ಉಗ್ರಪ್ಪ.

ಮರಿಯಣ್ಣ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದ. “ಯಾರೂ ಏನೂ ಉಣ್ತಿಲ್ವಲ್ಲ ಮೇಷ್ಟ್ರೆ! ತಟ್ಟೆ ಎಲ್ಲಾ ಖಾಲಿ. ಲೋಟ ತೊಳ್ದು ಬೋರಲು ಹಾಕಿದೀರಿ!”

ಹೌದು. ಬೇಕೆಂದು ಮಾಡಿದ್ದಲ್ಲ. ಚಂದ್ರನನ್ನು ಬರೆದಮೇಲೆ ಅನ್ನ ಬರೆಯಬೇಕೆಂದು ನನಗೆ ತೋಚಲೇ ಇಲ್ಲ. ರಾತ್ರಿಯೆಂದರೆ ಪಾತ್ರೆ ತೊಳೆದು ಬೋರಲು ಹಾಕಿದ ಹೊತ್ತು, ಅಷ್ಟೇ. ಜನ ದೀಪದ ಬೆಳಕಿನಲ್ಲಿ ಉಣ್ಣುವಾಗ ಹೇಗೆ ಕಾಣುತ್ತಾರೆ, ನಗುವಾಗ ತುತ್ತು ಏನಾಗುತ್ತದೆ, ನನಗೆ ಗೊತ್ತಿಲ್ಲ.

“ಸಂಜೆ ಆರರ ಮ್ಯಾಲೆ ಇದ್ದು ನೋಡಿ. ನಮ್ ಗಿರಾಕಿಗಳು ಪುಕ್ಕಟೆ ತೋರಿಸ್ತಾರೆ,” ಎಂದ ಉಗ್ರಪ್ಪ. ಎಂಟರ ಕೊನೆಯ ಬಸ್ಸಿದೆ. ಛತ್ರದಲ್ಲಿ ಕೆಲಸ ಜಾಸ್ತಿಯೆಂದು ಧರ್ಮಾವತಿಗೆ ಹೇಳಬೇಕು.

ಫೆಬ್ರವರಿ 6, ಸೋಮವಾರ

ಸೂರ್ಯ ಮುಳುಗಿದಾಗ ನಾನು ಬಾರಿನಲ್ಲಿದ್ದೆ. ಒಳಗೆ ಮೊಟ್ಟೆ ಬೇಯುತ್ತಿತ್ತು, ಕಡಲೆಕಾಯಿ ಹುರಿಯುತ್ತಿದ್ದರು. ನಾನು ಉಪವಾಸ. ಇಂಥ ಜಾಗದಲ್ಲೂ ವ್ರತ ಬಿಡದ ನನ್ನ ಬಗ್ಗೆ ನನಗೇ ಭಕ್ತಿ ಬಂತು. ಬಸ್ಸಿನಲ್ಲಿ ಜಾವಗಲ್ಲಿನವರೆಗೂ ಆ ಭಕ್ತಿಯಲ್ಲೇ ಇದ್ದೆ. ಆಮೇಲೆ ಬರೀ ಹಸಿವು.

ಧರ್ಮಾವತಿ ಬಾಗಿಲು ತೆಗೆದಳು. ಕರೆಂಟು ಹೋಗಿತ್ತು, ಒಂದು ಕೈ ಚೌಕಟ್ಟಿನ ಮೇಲಿಟ್ಟು ನಿಂತಿದ್ದಳು. “ಬಂದ್ರಾ?” ಎಂದಳು. ಇಬ್ಬರೂ ನೀರು ಕುಡಿದು ಮಲಗಿದೆವು. ನನ್ನ ಹೊಟ್ಟೆ ಮಾಡುವ ಸದ್ದಿಗೆ ನಿದ್ದೆ ಬರಲಿಲ್ಲ. ಪಾಪ, ಅವಳಿಗೂ ಬಂದಂತಿರಲಿಲ್ಲ.

ಫೆಬ್ರವರಿ 7, ಮಂಗಳವಾರ

ಬೆಳಿಗ್ಗೆ ಪಕ್ಕದ ಮನೆಯ ಜಾನಕಮ್ಮನ ಹಸು ನಮ್ಮ ಬಾಗಿಲಿಗೆ ಬಂದಿತ್ತು. ನಾವು ತಂಗಳು ಉಣ್ಣುವುದಿಲ್ಲ, ರಾತ್ರಿ ಉಳಿದದ್ದು ಹಸುವಿಗೆ. ಧರ್ಮಾವತಿ ಎರಡು ಮುದ್ದೆ ಹಾಕಿದಳು. ನನ್ನ ಮುದ್ದೆಯನ್ನು ಹಸು ಎಷ್ಟು ರುಚಿಯಾಗಿ ತಿಂದಿತೆಂದರೆ, ನೋಡುತ್ತಾ ನಿಂತಿದ್ದವನಿಗೆ ಹೊಟ್ಟೆಕಿಚ್ಚಾಯಿತು.

ಫೆಬ್ರವರಿ 16, ಗುರುವಾರ

ದಿನಾ ಎಂಟರ ಬಸ್ಸೇ ಆಗಿದೆ. ಬರೆಯಲು ಪುರುಸೊತ್ತಿಲ್ಲ. ಗೋಡೆ ಎದ್ದು ಕೂತಿದೆ.

ಗ್ಲಾಸು ಹಿಡಿಯುವುದರಲ್ಲಿ ಇಷ್ಟೊಂದು ಬಗೆಯಿದೆಯೆಂದು ಗೊತ್ತಿರಲಿಲ್ಲ. ಸಂತೆಯಲ್ಲಿ ಕೊಬ್ಬರಿಗೆ ಒಳ್ಳೆ ಬೆಲೆ ಸಿಕ್ಕವನು ಗ್ಲಾಸನ್ನು ಮೇಜಿನ ನಡುವೆ ಇಡುತ್ತಾನೆ, ಸಿಗದವನು ಎದೆಗೆ ಒತ್ತಿಕೊಳ್ಳುತ್ತಾನೆ. ರೈಲ್ವೆಯವರು ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಾರೆ, ಸಿಗ್ನಲ್ ಬಿದ್ದೀತೆಂಬ ಹೆದರಿಕೆ. ಗಂಡಸಿ ಊರಿನ ಕಡೆಯ ಒಬ್ಬ ತೆಂಗಿನ ತೋಟದವನು ದಿನಾ ಒಬ್ಬನೇ ಬಂದು, ಎದುರು ಕುರ್ಚಿಯ ಮುಂದೆ ಒಂದು ತುಂಬಿದ ಗ್ಲಾಸು ಇರಿಸಿ, ತನ್ನದನ್ನು ಕುಡಿದು ಹೋಗುತ್ತಾನೆ. ಅವನ ತಮ್ಮ ಹೋದ ವರ್ಷ ತೀರಿಹೋದನಂತೆ. ಇವರನ್ನೆಲ್ಲ ನಾನು ಏನೆಂದುಕೊಂಡಿದ್ದೆನೋ, ಈಗ ನೆನಪಿಲ್ಲ.

ಎಲ್ಲರೂ ಗೋಡೆಗೆ ಹತ್ತಿದರು. ಉದ್ದ ನಿಲುವಂಗಿ ತೊಡಿಸಿದ್ದೇನೆ, ಮುಖ ಅವರವೇ. ಬ್ಯಾಂಡಿನಲ್ಲಿ ಕಹಳೆ ಊದುವವನು ಮರಿಯಣ್ಣ. ಕಾರಿನಿಂದ ಇಳಿಯುತ್ತಿರುವ ದಪ್ಪ ಸಾಹುಕಾರ ಉಗ್ರಪ್ಪ. ನಿಜದಲ್ಲಿ ಇರುವುದಕ್ಕಿಂತ ಸ್ವಲ್ಪ ತೆಳ್ಳಗೆ ಮಾಡಿದ್ದೇನೆ, ಖುಷಿಪಟ್ಟ. ಬಟ್ಟಲು ಬಟ್ಟಲಲ್ಲಿ ಶಾವಿಗೆ ಹೊಗೆಯಾಡುತ್ತಿದೆ. ಈಗ ಗಿರಾಕಿಗಳು ಬಂದ ಕೂಡಲೇ ಕೂರುವುದಿಲ್ಲ, ಗೋಡೆಯ ಮೇಲೆ ತಮ್ಮನ್ನು ಹುಡುಕುತ್ತಾರೆ. “ನಾನಿನ್ನೂ ಬಂದಿಲ್ವಾ ಮೇಷ್ಟ್ರೆ?” ಎಂದು ಕೇಳುತ್ತಾರೆ. ನಮ್ಮವರ ಆಸೆಗೆ ಗೋಡೆ ಸಾಲದು.

ಫೆಬ್ರವರಿ 25, ಶನಿವಾರ

ಧರ್ಮಾವತಿಯ ಬಳೆ ಜಾರಿ ಬಾವಿಗೆ ಬಿತ್ತು. ಬಳೆಗಾರನಿಗೆ ಅಳತೆ ಗೊತ್ತಿಲ್ಲ. ರವಿಕೆಯೂ ಸಡಿಲವೆಂದಳು. ದರ್ಜಿಯೂ ಹಾಗೇ. ಊರಲ್ಲಿ ಕಸುಬು ತಿಳಿದವರೇ ಇಲ್ಲ.

ಜಾನಕಮ್ಮನ ಹಸು ಮಾತ್ರ ದಿನದಿಂದ ದಿನಕ್ಕೆ ಗುಂಡಗಾಗುತ್ತಿದೆ.

ಅರಿವೆ ಒಗೆಯುತ್ತಾ ಧರ್ಮಾವತಿ ಕೇಳಿದಳು: “ಛತ್ರದ ಗೋಡೆ ಮೇಲೆ ಏನು ಬರೀತಿದೀರಿ?”

“ಜನ. ದೊಡ್ಡ ಊರಿನ ಜನ ಊಟಕ್ಕೆ ಕೂತಿರೋದು.”

ನನ್ನ ಅಂಗಿಯನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ನೀರಿಗೆ ಅದ್ದಿದಳು. “ನಗ್ತಾ ಇದಾರಾ?”

“ಹೂಂ, ಚೆನ್ನಾಗಿ ನಗ್ತಾರೆ.”

“ನಿಮ್ಮ ಚಿತ್ರದಲ್ಲಿ ಜನ ನಗೋದು ನಾನು ನೋಡೇ ಇಲ್ಲ,” ಎಂದಳು. ಹೊಗಳಿಕೆಯೋ ಏನೋ ತಿಳಿಯಲಿಲ್ಲ.

ಮಾರ್ಚ್ 2, ಶುಕ್ರವಾರ

ಗೋಡೆಯ ಕೊನೆಯಲ್ಲಿ ಒಂದು ಮನೆಯ ಬಾಗಿಲು ಉಳಿದಿತ್ತು. ಖಾಲಿ ಬಾಗಿಲು ಚೆನ್ನಾಗಿರದೆಂದು ಒಬ್ಬ ಹೆಂಗಸನ್ನು ಬರೆದೆ. ಆಶ್ಚರ್ಯ, ಮದನಿಕೆಯೂ ಆಗಲಿಲ್ಲ, ಗೊಮ್ಮಟನೂ ಆಗಲಿಲ್ಲ. ಒಂದು ಕೈ ಚೌಕಟ್ಟಿನ ಮೇಲಿಟ್ಟು ತಾನಾಗಿ ನಿಂತಳು. ಇನ್ನೊಂದು ಕೈಗೆ ತಟ್ಟೆ ಕೊಟ್ಟೆ. ತಟ್ಟೆಯಲ್ಲಿ ಏನಿಡಬೇಕೆಂದು ಹೊಳೆಯಲಿಲ್ಲ, ಹಾಗೇ ಬಿಟ್ಟೆ. ಈ ಮುಖ ಎಲ್ಲೋ ನೋಡಿದ್ದೇನೆ. ಯಾವ ಗಿರಾಕಿಯ ಕಡೆಯವಳೋ.

ಮಾರ್ಚ್ 5, ಸೋಮವಾರ

ಕೆಟ್ಟೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಪದ್ಮಣ್ಣನವರು ಸಿಕ್ಕು, “ಅರಸೀಕೆರೆ ಛತ್ರದಲ್ಲಿ ಏನೋ ಬರೀತಿದೀರಂತೆ, ಧರ್ಮಾವತಮ್ಮ ಅಂದ್ರು. ಅದನ್ನೇ ನೋಡಿ ಮಂದಿರದ ಗೋಡೆ ತೀರ್ಮಾನ ಮಾಡಿಬಿಡಾಣ. ಭಾನುವಾರ ಕಾರಲ್ಲಿ ಬರ್ತೀನಿ. ಎಲ್ಲಿ ಅದು?” ಎಂದರು. ನನ್ನ ಬಾಯಿ, ನನ್ನನ್ನು ಕೇಳದೆ, “ಸ್ಟೇಷನ್ ರಸ್ತೆ,” ಎಂದಿತು.

ಬಾರಿಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತೆ. ಉಗ್ರಪ್ಪನಿಗೆ ವಿಷಯ ತಿಳಿದು ಹಬ್ಬವೇ ಬಂದಂತಾಯಿತು. “ಅದಕ್ಯಾಕೆ ಅಳ್ತೀರಾ ಮೇಷ್ಟ್ರೆ? ಒಂದಿನ ಛತ್ರ ಮಾಡಾನ ಬುಡಿ! ಬಾಟ್ಲಿಗಳ್ನ ಕೊಬ್ಬರಿ ಚೀಲದ ಹಿಂದೆ ಇಡಾದು. ಬೋರ್ಡಿಗೆ ದುಪ್ಪಟಿ ಹೊದಿಸಾದು.”

ಬೇಡವೆನ್ನಬೇಕಿತ್ತು. “ಮಾವಿನ ತೋರಣವೂ ಇರಲಿ,” ಎಂದೆ.

ಮಾರ್ಚ್ 9, ಶುಕ್ರವಾರ

ಸಂಜೆ ಮರಿಯಣ್ಣ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದ. ಕುಡಿದಿರಲಿಲ್ಲ.

“ನಾನು ಹಡಗಿಂದ ಇಳೀಲೇ ಇಲ್ಲ ಕಣ್ ಮೇಷ್ಟ್ರೆ,” ಎಂದ. “ಅಡುಗೆಯೋರ್ನ ಇಳಿಯಾಕೆ ಬುಡ್ಲಿಲ್ಲ. ಇಳಿದೋರು ಬಂದು ಹೇಳಿದ್ದು ಕೇಳ್ಕೊಂಡೆ. ನಾನ್ ನೋಡಿದ್ದು ದೀಪ ಅಷ್ಟೇಯ, ದೂರದಿಂದ. ಆ ಬಾರು, ಡ್ಯಾನ್ಸ್ ಮನೆ ಎಲ್ಲಾ ಆಮೇಲೆ ಅಲ್ಲಿನ ಸರ್ಕಾರದೋರು ಮುಚ್ಚಿಸಿದ್ರಂತೆ. ಈಗ ನೀವು ನನ್ನ ಇದರೊಳಗೆ ಇಳಿಸಿದ್ರಿ. ಸಂತೋಸ ಆಯ್ತು.”

ಅಂದರೆ ನಾನು, ಶಾಂಘೈ ನೋಡದವನ ಮಾತು ಕೇಳಿ, ಜಿರಲೆ ತಿಂದು ಬಿಟ್ಟದ್ದನ್ನು ಇಟ್ಟುಕೊಂಡು, ಇಲ್ಲದೇ ಹೋದ ಬೀದಿಯೊಂದನ್ನು ಬರೆದಿದ್ದೇನೆ. ಬೇಜಾರಾಗಬೇಕಿತ್ತು. ಅವನ ಕಹಳೆಗೆ ಇನ್ನೊಂದು ಕೈ ಹಳದಿ ಬಣ್ಣ ಕೊಟ್ಟು ಬಂದೆ.

ಮಾರ್ಚ್ 11, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಶಾಂಘೈ ಬಾರ್ ಛತ್ರವಾಗಿತ್ತು. ತೋರಣ, ಊದುಬತ್ತಿ, ಒಂದು ಕೊಡ ನೀರು. ಮರಿಯಣ್ಣ ಬಿಳಿ ಪಂಚೆಯುಟ್ಟು ಛತ್ರದ ಮೇಲ್ವಿಚಾರಕನ ಹಾಗೆ ಕೈಕಟ್ಟಿ ನಿಂತಿದ್ದ. ನಾಲ್ಕೂವರೆಗೆ ಕಾರು ಬಂತು. ಪದ್ಮಣ್ಣನವರು ಇಳಿದರು. ಹಿಂದಿನ ಬಾಗಿಲಿಂದ ಧರ್ಮಾವತಿ ಇಳಿದಳು. ಕೈಯಲ್ಲಿ ಟಿಫನ್ ಕ್ಯಾರಿಯರ್.

“ನಾನೇ ಕರ್ಕೊಂಡು ಬಂದೆ. ಗಂಡನ ಕೆಲಸ ಅವರೂ ನೋಡ್ಲಿ,” ಎಂದರು ಪದ್ಮಣ್ಣನವರು. ಧರ್ಮಾವತಿ ಬೋರ್ಡಿನ ಮೇಲಿನ ದುಪ್ಪಟಿಯನ್ನು ಒಮ್ಮೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದಳು.

ಪದ್ಮಣ್ಣನವರು ಗೋಡೆಯ ಮುಂದೆ ನಿಧಾನವಾಗಿ ನಡೆದರು. ಕಹಳೆಯ ಮುಂದೆ ನಿಂತರು, ಮರಿಯಣ್ಣನ ಕಡೆ ತಿರುಗಿ ನಕ್ಕರು. ತುಂಬಿದ ಗ್ಲಾಸಿನ ಎದುರು ಒಬ್ಬನೇ ಕೂತವನ ಮುಂದೆ ಬಹಳ ಹೊತ್ತು ನಿಂತರು.

“ರಾತ್ರಿ ಊಟ ಬರೆದಿದೀರಲ್ಲ, ಅದೊಂದು ಸರಿಯಿಲ್ಲ,” ಎಂದರು. “ಆದ್ರೆ ಇಷ್ಟು ಜನಾನ ಒಂದು ಕಡೆ ಕೂರ್ಸಿದೀರಿ, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಸಮವಸರಣಕ್ಕೆ ಬೇಕಾಗಿರೋದು ಇದೇ. ಆ ಗೋಡೆ ನಿಮ್ದೇ ಶಾಂತಿಕುಮಾರ್.”

ಬಾಗಿಲ ಹಿಂದೆ ಉಗ್ರಪ್ಪ ಗಾಳಿಯಲ್ಲಿ ಕೈ ಗುದ್ದಿದ್ದು ಕಂಡಿತು. ಆಸೆ ಕೈಗೆ ಬಂದ ಆ ಗಳಿಗೆ ಎಷ್ಟು ಹೊತ್ತಿತ್ತೋ, ಅಷ್ಟು ಹೊತ್ತು ನಾನು ಬಹಳ ದೊಡ್ಡ ಮನುಷ್ಯ.

ಪದ್ಮಣ್ಣನವರು ಗೋಡೆಯ ಕೊನೆಗೆ ಹೋಗಿದ್ದರು. “ಎಲ್ಲರೂ ಉಣ್ತಾ ಇದಾರೆ. ಈ ಹೆಣ್ಮಗಳು ಯಾಕೆ ಖಾಲಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾಳೆ? ಯಾರಿದು?”

ನಾನು ಗೊತ್ತಿಲ್ಲ ಎನ್ನುವಷ್ಟರಲ್ಲಿ ಧರ್ಮಾವತಿ ಹತ್ತಿರ ಹೋದಳು. ಚಿತ್ರದವಳನ್ನು ನೋಡಿದಳು. ತಾನೂ ಹಾಗೇ, ಒಂದು ಕೈ ಗೋಡೆಯ ಮೇಲಿಟ್ಟು ನಿಂತಿದ್ದಳು. ಆಗ ಕಂಡಿತು ನನಗೆ. ಮನೆಯ ಬಾಗಿಲು ತೆಗೆಯುವ ಮುಖ.

“ಅವಳಾ?” ಎಂದಳು ಧರ್ಮಾವತಿ. “ಗಂಡ ಬಂದು ಉಂಡ ಮೇಲೆ ಉಣ್ಣೋಣ ಅಂತ ನಿಂತಿದಾಳೆ. ಗಂಡ ಬರೋ ಹೊತ್ಗೆ ಕತ್ತಲಾಗಿರ್ತದೆ. ಇನ್ನೇನು ಮಾಡ್ತಾಳೆ, ಬೆಳಿಗ್ಗೆ ಎದ್ದು ಎರಡೂ ಮುದ್ದೆ ಹಸುವಿಗೆ ಹಾಕ್ತಾಳೆ.”

ಎರಡು ಮುದ್ದೆ. ದಿನಾ ಕಣ್ಣೆದುರು ನೋಡಿದ್ದೇನೆ. ನನ್ನದೊಂದು, ಇನ್ನೊಂದು ಯಾರದೆಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಬಳೆಗಾರನನ್ನು ಬೈದೆ, ದರ್ಜಿಯನ್ನು ಬೈದೆ. ಗ್ಲಾಸು ಹಿಡಿದ ಕೈ ನೋಡಿ ಕೊಬ್ಬರಿಯ ಬೆಲೆ ಹೇಳುವಷ್ಟು ಸೂಕ್ಷ್ಮ ನನ್ನ ಕಣ್ಣು!

“ಯಾಕೆ, ಗಂಡ ಎಲ್ಲಿ ಹೋಗಿರ್ತಾನೆ?” ಎಂದರು ಪದ್ಮಣ್ಣನವರು, ಇನ್ನೂ ನಗುತ್ತಾ.

ಧರ್ಮಾವತಿ ನನ್ನ ಕಡೆ ನೋಡಿದಳು. ಪದ್ಮಣ್ಣನವರೂ ನೋಡಿದರು. ನಗು ಇಳಿಯಿತು. ತೋರಣ ನೋಡಿದರು, ಚೀಲಗಳ ಸಾಲು ನೋಡಿದರು. “ಶಾಂತಿಕುಮಾರ್, ಇದು ಛತ್ರ ತಾನೇ?” ಎಂದು ಕೇಳಿದರು.

ಉಗ್ರಪ್ಪ ಅಲ್ಲಿಂದಲೇ ಹೌದೆನ್ನಿ ಎಂದು ತಲೆಯಾಡಿಸುತ್ತಿದ್ದ. ಹೌದು ಎಂದಿದ್ದರೆ ಆಗುತ್ತಿತ್ತು. ಆದರೆ ಧರ್ಮಾವತಿ ಕ್ಯಾರಿಯರ್ ಎತ್ತಿ ಹಿಡಿದಿದ್ದಳು, ಬಳೆ ಮೊಣಕೈಯವರೆಗೆ ಜಾರಿತ್ತು.

“ಅಲ್ಲ,” ಎಂದೆ. “ಬಾರು.”

ಪದ್ಮಣ್ಣನವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಚಿತ್ರದ ಕಡೆ ಇನ್ನೊಮ್ಮೆ ನೋಡಿದರು, ಕಿಟಕಿಯ ಹೊರಗೆ ಬಿಸಿಲು ನೋಡಿದರು. “ಇನ್ನೂ ಹೊತ್ತಿದೆ. ಊಟ ಮಾಡಿ,” ಎಂದು ಹೇಳಿ ಕಾರು ಹತ್ತಿದರು.

“ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದೆ.

“ಅಂಗಿ ಒಗೆಯೋಳು ನಾನು,” ಎಂದಳು.

ಉಗ್ರಪ್ಪ ತಾನೇ ಮೇಜು ಒರೆಸಿದ. ನಾನು ಬಡಿಸಿದೆ. ಅವಳು ಕೂರಲು ಒಪ್ಪಲಿಲ್ಲ. ನೀನು ಮೊದಲು ತುತ್ತು ಮುರಿಯದಿದ್ದರೆ ನಾನೂ ಇಲ್ಲ ಎಂದೆ. ಇಬ್ಬರೂ ಹಟ ಹಿಡಿದರೆ ಸೂರ್ಯ ಕಾಯುವುದಿಲ್ಲವೆಂದು ಕೊನೆಗೆ ಒಟ್ಟಿಗೇ ಕೂತೆವು. ಗಿರಾಕಿಗಳು ಬರುವ ಹೊತ್ತು. ಹೊರಗೆ ಮರಿಯಣ್ಣ ಬಾಗಿಲಿಗೆ ಅಡ್ಡ ನಿಂತು, “ತಡೀರ್ಲಾ, ಒಳಗೆ ಊಟ ನಡೀತಾ ಐತೆ,” ಎಂದು ಎಲ್ಲರನ್ನೂ ತಡೆದು ನಿಲ್ಲಿಸುತ್ತಿದ್ದ. ಯಾರೂ ಗಲಾಟೆ ಮಾಡಲಿಲ್ಲ. ಧರ್ಮಾವತಿ ಗೋಡೆ ನೋಡುತ್ತಾ ಉಂಡಳು. ಮಧ್ಯೆ ಒಮ್ಮೆ ನಕ್ಕಳು. ಯಾರನ್ನು ನೋಡಿ ಎಂದು ಕೇಳಿದರೆ, ಹೇಳಲಿಲ್ಲ.

ಮಾರ್ಚ್ 19, ಸೋಮವಾರ

ಗೋಡೆಗೆ ಕೊನೆಯ ದಿನ. ಬಾಗಿಲಲ್ಲಿ ನಿಂತವಳ ತಟ್ಟೆಗೆ ಒಂದು ಮುದ್ದೆ ಬರೆದೆ, ಪಕ್ಕದಲ್ಲಿ ಸಾರು. ಬರೆದ ಮೇಲೆ ತೊಡಕು ತಿಳಿಯಿತು. ಮೇಲೆ ಚಂದ್ರನಿದ್ದಾನೆ, ಅವಳು ಉಣ್ಣುವುದು ಹೇಗೆ? ಏಣಿ ಹತ್ತಿ, ಅವಳ ಮಾಳಿಗೆಯ ಮೂಲೆಯಲ್ಲಿ ಕೆಂಪಗೆ ಸೂರ್ಯನನ್ನು ಬರೆದೆ.

ಉಗ್ರಪ್ಪ ಹೌಹಾರಿದ. “ಇದೇನ್ ಮೇಷ್ಟ್ರೆ! ಇಡೀ ಬೀದಿ ರಾತ್ರಿ, ಅಲ್ಲಿ ಮಾತ್ರ ಸೂರ್ಯನಾ?”

“ಅವಳ ಮನೆ ಹತ್ರ ಇನ್ನೂ ಮುಳುಗಿಲ್ಲ,” ಎಂದೆ. ಉಗ್ರಪ್ಪ ತಲೆ ಕೆರೆದುಕೊಂಡು, “ಚೀನಾ ದೊಡ್ಡ ದೇಸ ಬುಡಿ,” ಎಂದು ತಾನೇ ಸಮಾಧಾನ ಮಾಡಿಕೊಂಡ.

ಮೂರೂವರೆ ಬಸ್ಸಿಗೆ ಹೊರಟೆ. ಮರಿಯಣ್ಣನನ್ನು ಕಾಯಲಿಲ್ಲವಲ್ಲ ಎಂದು ಜಾವಗಲ್ ದಾಟಿದ ಮೇಲೆ ಬೇಜಾರಾಯಿತು. ಒಂದು ದಿನ ಹಗಲು ಹೋಗಿ ಮಾತಾಡಿಸಿ ಬರಬೇಕು.

ಮಾರ್ಚ್ 20, ಮಂಗಳವಾರ

ಬೆಳಿಗ್ಗೆ ಒಂದು ಲಾರಿಗೆ ನವಿಲು ಬರೆದೆ. ನವಿಲಿನ ಪಕ್ಕ ಡ್ರೈವರನ ಮುಖವೂ ಬಂತು. ನಕ್ಕು ಒಪ್ಪಿಕೊಂಡ.

ಇನ್ನೊಂದು ವಿಷಯ ಬರೆಯುವುದು ಮರೆತೇ ಹೋಗಿತ್ತು. ಮಂದಿರದ ಗೋಡೆಯನ್ನು ಮೂಡಬಿದಿರೆಯ ಯಾರೋ ಕಲಾವಿದರಿಗೆ ಕೊಟ್ಟರಂತೆ. ಹೋದ ಗುರುವಾರವೇ ತಿಳಿಯಿತು.

ಇವತ್ತೂ ಜಾನಕಮ್ಮನ ಹಸು ಬಾಗಿಲಿಗೆ ಬಂದು ನಿಂತಿತ್ತು. ಬಹಳ ಹೊತ್ತು ನಿಂತಿತ್ತು. ನಮ್ಮಲ್ಲಿ ಏನೂ ಉಳಿದಿರಲಿಲ್ಲ.